ಉಳ್ಳಾಲದ ತಾರಿ, ಮೂಡುಬಿದಿರೆಯ ಶ್ರೀತಾಳೆ, ಸೀತಾನದಿಯ ಬೈನೆ

ಅಡಿಕೆ ತೆಂಗು ಬಿಟ್ರೂ ನಮ್ಮ ಕರಾವಳಿಯಲ್ಲಿ ತಾಳೆ ಕುಟುಂಬದ ಮರಗಳು ಸುಮಾರು ಉಂಟು. ತಾರಿ (ತಾಟಿನುಂಗು ಬಿಡುವ ತಾಳೆಮರ), ಬೈನೆ, ಶ್ರೀತಾಳೆ, ಈಚಲು, ಬೆತ್ತ (ಬಳ್ಳಿ ತರ ಕಂಡ್ರೂ ಬೆತ್ತ ಇದೇ ಕುಟುಂಬದ್ದು), ಘಟ್ಟದ ಬುಡದಲ್ಲಿ ಕಾಡಡಿಕೆ. ಇವಕ್ಕೆ ಯಾರೂ ಗೊಬ್ಬರ ಹಾಕುದಿಲ್ಲ, ನೀರು ಬಿಡುದಿಲ್ಲ, ತಾವಾಗೇ ಹೂ ಬಿಟ್ಟು ಕಾಯಿ ಕಟ್ಟಿ ಹಕ್ಕಿಯೋ ಪುನುಗು ಬೆಕ್ಕೋ ತಿಂದು ಎಲ್ಲೋ ಬೀಜ ಉದುರಿಸಿ ಹುಟ್ಟಿ ಬಂದಂಥವು. ಇವು ಮರಿ ಮಾಡುದು ಹೇಗೆ, ಒಂದು ಮರಕ್ಕೂ ಇನ್ನೊಂದಕ್ಕೂ ಎಷ್ಟು ಸಂಬಂಧ, ಕಡಿಯುತ್ತಾ ಹೋದ್ರೆ ಏನು ಕಳ್ಕೊಳ್ತೇವೆ ಅಂತ ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇತ್ತು. ನಾನು ಸಸ್ಯಶಾಸ್ತ್ರ ಪಾಠ ಮಾಡುವವ, ನನ್ನ ಭಾವ ಗಲ್ಫ್‌ನಲ್ಲಿ ವರ್ಷಗಟ್ಟಲೆ ಇದ್ದು ಖರ್ಜೂರದ ತೋಟ ಹತ್ತಿರದಿಂದ ಕಂಡು ಬಂದವರು. ಮೇ ತಿಂಗಳ ರಜೆಯಲ್ಲಿ ಅವರ ಕಾರಿನಲ್ಲೇ ಹೊರಟೆವು.

ಶುಕ್ರವಾರ – ತೊಕ್ಕೊಟ್ಟು, ಸೋಮೇಶ್ವರ

ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು ಹತ್ರ ಬರುವಾಗ ಹೈವೇ ಬದಿಯಲ್ಲಿ ಈರೋಳು (ತಾರಿಯ ಎಳೆ ಕಾಯಿ) ರಾಶಿ ಹಾಕಿ ಮಾರ್ತಾ ಇದ್ರು, ಗಾಡಿ ನಿಲ್ಲಿಸಿದೆವು. ಸೆಕೆಗೆ ಅದರಷ್ಟು ತಂಪು ಬೇರೆ ಇಲ್ಲ. ಕತ್ತಿಯಲ್ಲಿ ಕಾಯಿಯ ತಲೆ ಹಾರಿಸಿದ ಕೂಡ್ಲೆ ಮೂರು ಕಣ್ಣು ಕಾಣ್ತದಲ್ಲ, ಒಂದೊಂದು ಕಣ್ಣೂ ಒಂದೊಂದು ಬೇರೆ ಬೀಜ, ನಾವು ತಿನ್ನುದು ಇನ್ನೂ ಗಟ್ಟಿಯಾಗದ ಅದರ ತಿರುಳು. ಮೂರಕ್ಕೂ ತಾಯಿ ಒಂದೇ, ಆದ್ರೆ ಪ್ರತಿ ಬೀಜಕ್ಕೂ ಬೇರೆ ಬೇರೆ ಪರಾಗದ ಕಣ ಬಂದು ಸೇರಬೇಕು, ಹಾಗಾಗಿ ಒಂದೇ ಕಾಯಿಯೊಳಗಿನ ಮೂರು ಬೀಜಕ್ಕೆ ಮೂರು ಅಪ್ಪಂದಿರು ಇದ್ರೂ ಇರಬಹುದು. ನಮಗೆ ಕೊಟ್ಟ ಒಂದು ಕಾಯಲ್ಲಿ ಎರಡು ಕಣ್ಣು ತುಂಬಿಕೊಂಡಿತ್ತು, ಮೂರನೇದು ಬೆರಳ ತುದಿಯಷ್ಟೇ ಆಗಿ ಕಂದು ಬಣ್ಣಕ್ಕೆ ತಿರುಗಿ ಮುದುಡಿತ್ತು. ಪರಾಗ ಸಿಗದಿದ್ರೆ ಹೀಗೇ ಆಗುದು. ಅದನ್ನ ಭಾವನಿಗೆ ತೋರಿಸಿ ಹೇಳ್ತಾ ಇದ್ದೆ, ಮಾರುವ ಅಣ್ಣ ಕೇಳಿಸ್ಕೊಂಡು "ಹೌದು ಸರ್, ಈಗ ಎರಡು ಕಣ್ಣಿಂದೇ ಜಾಸ್ತಿ ಬರ್ತದೆ, ಮೊದ್ಲು ಹೀಗೆ ಇರ್ಲಿಲ್ಲ" ಅಂದ್ರು.

ಗಂಡು ಮರ ಇದ್ದಾವಾ ನಿಮ್ಮ ಕಡೆ ಅಂತ ಕೇಳಿದೆ. "ಗಂಡು ಇಟ್ಕೊಂಡು ಎಂತ ಮಾಡುದು, ಕಾಯಿ ಬಿಡುದಿಲ್ಲ, ಶೇಂದಿ ತೆಗೆಯುವವರೂ ಇಲ್ಲ, ಕಡಿದು ಮಾಡಿನ ಪಕ್ಕಾಸಿಗೆ ಕೊಡ್ತಾರೆ."

ವಿಷಯ ಇರುದೇ ಇಲ್ಲಿ. ತಾರಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ತೆಂಗು ಅಡಿಕೆಯಲ್ಲಿ ಒಂದೇ ಹೊಂಬಾಳೆಯಲ್ಲಿ ಗಂಡು ಹೂ ಹೆಣ್ಣು ಹೂ ಎರಡೂ ಇರ್ತದೆ, ಅದನ್ನೇ ನೋಡಿ ಬೆಳೆದ ನಮಗೆ ಮರವೇ ಗಂಡು ಅನ್ನುದು ಮನಸ್ಸಿಗೆ ಹತ್ತುದಿಲ್ಲ. ಸಸಿ ನೋಡಿ ಹೇಳ್ಲಿಕ್ಕೂ ಬರುದಿಲ್ಲ, ಹನ್ನೆರಡು ಹದಿನೈದು ವರ್ಷ ಕಾದು ಮೊದಲ ಹೂ ಬಂದ ಮೇಲೇ ಗೊತ್ತಾಗುದು. ಅಷ್ಟು ವರ್ಷ ಕಾದು ಗಂಡು ಅಂತ ಗೊತ್ತಾದ ಕೂಡ್ಲೆ ಕೊಡಲಿ. ಹಾಗೆ ಒಂದು ಊರಲ್ಲಿ ನಾಲ್ಕೈದು ಗಂಡು ಮಾತ್ರ ಉಳಿದ್ರೆ ಆಮೇಲೆ ಹುಟ್ಟುವ ಅಷ್ಟೂ ಸಸಿಗಳಿಗೆ ಆ ನಾಲ್ಕೈದೇ ಅಪ್ಪಂದಿರು, ಹೆಣ್ಣು ಮರ ನೂರು ಇದ್ರೂ ಅಷ್ಟೇ. ದೂರದಿಂದ ನೋಡಿದ್ರೆ ತೋಪು ತುಂಬಿದ ಹಾಗೇ ಕಾಣ್ತದೆ, ಒಳಗಿಂದ ವಂಶ ಸಣ್ಣದಾಗ್ತಾ ಬಂದಿರ್ತದೆ.

ಸಂಜೆ ಸೋಮೇಶ್ವರ ಬೀಚ್ ಕಡೆ ಒಬ್ಬರು ಹಿರಿಯ ಮೂರ್ತೆದಾರರು (ಶೇಂದಿ ಇಳಿಸುವವರು) ಸಿಕ್ಕಿದ್ರು, ಎಪ್ಪತ್ತು ದಾಟಿದವರು, ಮರ ಹತ್ತುದು ಬಿಟ್ಟು ವರ್ಷಗಳಾಗಿವೆ. ಹೂ ಅರಳುವ ಮೊದಲೇ ಅದರ ಕೈ ಕಟ್ಟಿ, ದಿನಾ ಮೆಲ್ಲ ಬಡಿದು, ಬೆಳಿಗ್ಗೆ ಸಂಜೆ ತುದಿ ತೆಳ್ಳಗೆ ಕೆತ್ತಿದ್ರೆ ರಸ ಇಳೀತದೆ. ಹಾಗೆ ಕೆತ್ತಿದ ಹೂ ಗಂಡಾದ್ರೆ ಪರಾಗ ಇಲ್ಲ, ಹೆಣ್ಣಾದ್ರೆ ಕಾಯಿ ಇಲ್ಲ. "ಎಲ್ಲ ಮರಕ್ಕೂ ಕತ್ತಿ ಇಡ್ಬಾರ್ದು ಅಂತ ನಮ್ಮ ಅಪ್ಪ ಹೇಳ್ತಿದ್ರು, ಗಂಡು ಹೆಣ್ಣು ಒಂದೆರಡು ಹಾಗೇ ಬಿಡ್ತಿದ್ರು" ಅಂದ್ರು. ಆ ರಸದಿಂದ ಓಲೆಬೆಲ್ಲ ಕಾಯಿಸಿ ಬದುಕಿದ ಮನೆಯವರಿಗೆ ಈ ಲೆಕ್ಕ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು ಅನ್ನುದು ನನಗೆ ತುಂಬ ದೊಡ್ಡ ವಿಷಯ ಅನಿಸಿತು.

ಅವರ ಹಿತ್ತಲಲ್ಲೇ ಕಳೆದ ವರ್ಷ ಬಿದ್ದ ಹಣ್ಣಿನಿಂದ ಮೊಳೆತ ಒಂದು ಬೀಜ ಇತ್ತು. ಮೇಲಿನಿಂದ ನೋಡಿದ್ರೆ ಏನೂ ಇಲ್ಲ. ಹಾರೆಯಲ್ಲಿ ಬದಿಯ ಮಣ್ಣು ಬಿಡಿಸಿ ತೋರಿಸಿದ್ರು, ಬೀಜದಿಂದ ಬಿಳಿ ಕೊಳವೆಯಂಥ ಒಂದು ದಂಡು ನೇರ ಕೆಳಗೆ ಮೊಣಕೈ ಉದ್ದ ಇಳಿದಿತ್ತು, ಭ್ರೂಣ ಅದರ ತುದಿಯಲ್ಲಿ, ಅಲ್ಲಿಂದಲೇ ಬೇರು, ಅಲ್ಲಿಂದಲೇ ಎಲೆ ವಾಪಸ್ ಮೇಲಕ್ಕೆ ಬರಬೇಕು. ಬೇಸಿಗೆಯಲ್ಲಿ ಕಾದ ಹೊಯ್ಗೆಯಿಂದ ತಪ್ಪಿಸ್ಕೊಳ್ಳುವ ದಾರಿ ಇದು. ತಾರಿಯನ್ನ ಕಿತ್ತು ಬೇರೆ ಕಡೆ ನೆಡುದು ಕಷ್ಟ ಅಂತ ಹೇಳುದು ಇದಕ್ಕೇ, ಬೀಜವನ್ನೇ ಬೇಕಾದ ಜಾಗದಲ್ಲಿ ಹೂಳುದು ಒಳ್ಳೇದು.

ಶನಿವಾರ – ಮೂಡುಬಿದಿರೆ, ಕಾರ್ಕಳ ದಾರಿ

ಬೆಳಿಗ್ಗೆ ಬನ್ಸ್ ತಿಂದು ಗುರುಪುರ ದಾರಿಯಾಗಿ ಮೂಡುಬಿದಿರೆಗೆ. ಸಾವಿರ ಕಂಬದ ಬಸದಿಗೆ ಎಲ್ಲರೂ ಹೋಗ್ತಾರೆ, ನನಗೆ ಮುಖ್ಯವಾಗಿ ಗುರು ಬಸದಿಗೆ ಹೋಗಬೇಕಿತ್ತು. ಧವಲಾ, ಜಯಧವಲಾ, ಮಹಾಧವಲಾ ಅನ್ನುವ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಟ್ಟಲೆ ಉಳಿದು ಬಂದದ್ದು ಈ ಊರಲ್ಲಿ, ಬರೆದದ್ದು ಕನ್ನಡ ಲಿಪಿಯಲ್ಲಿ, ಗರಿ ಶ್ರೀತಾಳೆಯದ್ದು. ತಾರಿಯ ಗರಿಯಲ್ಲೂ ಬರೀತಿದ್ರು, ಆದ್ರೆ ಅದು ದಪ್ಪ, ಬೇಗ ಒಡೀತದೆ. ಶ್ರೀತಾಳೆಯ ಇನ್ನೂ ಬಿಚ್ಚದ ಸುಳಿಯ ಗರಿಯನ್ನ ಬೇಯಿಸಿ ಒಣಗಿಸಿ ನಯ ಮಾಡಿದ್ರೆ ಅಗಲ ಬರ್ತದೆ, ಮೆತ್ತಗೆ ಬಾಗ್ತದೆ. ಹಾಗೆ ನೋಡಿದ್ರೆ ನಮ್ಮ ನಾಡಿನ ಓದಿನ ಒಂದು ದೊಡ್ಡ ಭಾಗ ಈ ಒಂದು ಮರದ ಮೇಲೆ ನಿಂತಿತ್ತು. ಆ ಮರ ಈಗ ಎಷ್ಟು ಕಡೆ ಉಳಿದಿದೆ ಅಂತ ಯಾರಿಗೂ ಬೇಡ ಆಗಿದೆ, ಅದು ನನಗೆ ಸಂಕಟ.

ಮಧ್ಯಾಹ್ನ ಬಿಸಿಲಿಳಿದ ಮೇಲೆ ಕಾರ್ಕಳ ರಸ್ತೆ ಬಿಟ್ಟು ಒಳಗೆ ಹೋದೆವು. ಒಂದು ಗುತ್ತಿನ ಮನೆಯ ಗದ್ದೆಯ ಅಂಚಿನಲ್ಲಿ ಪಣೋಲಿ ಮರ (ಶ್ರೀತಾಳೆಗೆ ಇಲ್ಲಿ ಹಾಗೇ ಹೇಳುದು), ಕಳೆದ ವರ್ಷ ಹೂ ಬಿಟ್ಟದ್ದು, ಈಗ ಕಾಯಿ. ಇದನ್ನ ಮೊದಲ ಸಲ ನೋಡುವವರು ನಂಬಲಿಕ್ಕಿಲ್ಲ. ಇಬ್ಬರು ಕೈ ಹಿಡಿದು ತಬ್ಬಬೇಕಾದ ಕಾಂಡ, ದೊಡ್ಡ ಎಲೆಗಳೆಲ್ಲ ಒಣಗಿ ಕೆಳಗೆ ಜೋತು ಬಿದ್ದಿವೆ, ಅದರ ಮೇಲೆ ಆಕಾಶಕ್ಕೆ ಎದ್ದು ನಿಂತ ಹೂಗೊಂಚಲಿನ ಒಣ ಗೆಲ್ಲುಗಳು, ಗೆಲ್ಲು ತುಂಬ ಹಸಿರು ಗೋಲಿಯಂಥ ಕಾಯಿಗಳು. ಇಡೀ ಸಸ್ಯಲೋಕದಲ್ಲೇ ಇದಕ್ಕಿಂತ ದೊಡ್ಡ ಹೂಗೊಂಚಲು ಇಲ್ಲ, ಆರರಿಂದ ಎಂಟು ಮೀಟರ್ ಎತ್ತರ, ಹೂಗಳು ಲಕ್ಷ ಲಕ್ಷ. ಮೂವತ್ತರಿಂದ ಎಂಬತ್ತು ವರ್ಷದವರೆಗೆ ಬೆಳೆದು, ಕಾಂಡದಲ್ಲಿ ಹಿಟ್ಟು ಕೂಡಿಟ್ಟು, ಅಷ್ಟನ್ನೂ ಒಂದೇ ಸಲ ಹೂವಿಗೂ ಕಾಯಿಗೂ ಸುರಿದು ಸಾಯುತ್ತದೆ. ಎರಡನೇ ಅವಕಾಶ ಇಲ್ಲ.

ಹೂ ಬಿಟ್ಟರೆ ಮನೆಗೆ ಕೆಟ್ಟದು ಅಂತ ಒಂದು ನಂಬಿಕೆ ಉಂಟು, ಹೂವಿನ ಮೊಗ್ಗು ಕಂಡ ಕೂಡ್ಲೆ ಕಡಿಸ್ತಾರೆ. ಈ ಮನೆಯ ಅಜ್ಜಿಗೂ ನೆರೆಕರೆಯವರು ಹೇಳಿದ್ರಂತೆ. "ನಾನು ಬಿಟ್ಟೆ ಮಗ. ಅಷ್ಟು ವರ್ಷ ಗೊರಬೆ (ಮಳೆಗೆ ತಲೆ ಮೇಲೆ ಹಾಕುವ ಹೊದಿಕೆ) ಮಾಡ್ಲಿಕ್ಕೆ ಎಲೆ ಕೊಟ್ಟಿದೆ, ಮಕ್ಕಳನ್ನ ಹೆರುವಾಗ ಕಡಿಯುದಾ?" ಅಂದ್ರು. ಆ ಅಜ್ಜಿಯ ಕಾಲು ಹಿಡಿಬೇಕು ಅನಿಸಿತು ನನಗೆ. ಯಾಕಂದ್ರೆ ಮಾವಿನ ಮರದ ಗೆಲ್ಲು ಕಡಿದ್ರೆ ಬರುವ ವರ್ಷ ಕಾಯಿ ಬಿಡ್ತದೆ, ಈ ಮರವನ್ನ ಹೂವಿನಲ್ಲಿ ಕಡಿದ್ರೆ ಅದರ ವಂಶವೇ ಅಲ್ಲಿಗೆ ಮುಗೀತು, ಅದರೊಳಗೆ ಇದ್ದ ಗುಣ ಯಾವುದೂ ಮುಂದಕ್ಕೆ ಹೋಗುದಿಲ್ಲ.

ಇನ್ನೊಂದು ಮಾತು ಇದರಲ್ಲೇ ಉಂಟು, ಯಾರೂ ಯೋಚನೆ ಮಾಡದ್ದು. ಶ್ರೀತಾಳೆಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರ್ತದೆ. ಬೇರೆ ಮರದ ಪರಾಗ ಸಿಗಬೇಕಾದ್ರೆ ಅದೇ ತಿಂಗಳಲ್ಲಿ ಜೇನು ಹಾರುವಷ್ಟು ದೂರದಲ್ಲಿ ಇನ್ನೊಂದು ಶ್ರೀತಾಳೆ ಹೂ ಬಿಟ್ಟಿರಬೇಕು. ಜೀವಮಾನಕ್ಕೆ ಒಮ್ಮೆ ಹೂ ಬಿಡುವ ಮರಕ್ಕೆ ಅದು ಎಷ್ಟು ಕಷ್ಟ ನೋಡಿ. ಹಿಂದೆ ಊರಿಗೆ ಹತ್ತಾರು ಇದ್ದಾಗ ಯಾವುದಾದ್ರೂ ಎರಡು ಒಟ್ಟಿಗೆ ಸಿಗ್ತಿತ್ತು, ಈಗ ಒಂಟಿ ಮರ ತನ್ನ ಪರಾಗವನ್ನೇ ತಾನು ತಗೊಂಡು ಕಾಯಿ ಕಟ್ಟಬೇಕು. ಆ ಸಾವಿರಾರು ಕಾಯಿಯನ್ನ ನಾವು ಪ್ರೀತಿಯಿಂದ ಗೋಣಿಯಲ್ಲಿ ತುಂಬಿ ಶಾಲೆ ಶಾಲೆಗೆ ಹಂಚಿ ನೆಟ್ಟೆವು ಅಂತಿಟ್ಕೊಳ್ಳಿ, ಇಡೀ ತಾಲೂಕಿನ ಶ್ರೀತಾಳೆಗಳೆಲ್ಲ ಒಂದೇ ತಾಯಿಯ ಮಕ್ಕಳು ಆಗಿಬಿಡ್ತಾವೆ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುವ ಅಪಾಯ, ಮುಂದೆ ಅವು ಒಟ್ಟಿಗೆ ಹೂ ಬಿಟ್ಟರೂ ಅಣ್ಣ ತಂಗಿಯರ ನಡುವೆಯೇ ಬೀಜ ಆಗುದು. ನೆಡುದು ಒಳ್ಳೇ ಕೆಲಸ, ಖಂಡಿತ ನೆಡಬೇಕು, ಆದ್ರೆ ಒಂದು ಮರದಿಂದ ಒಂದು ಹಿಡಿ, ಇಪ್ಪತ್ತು ಮೈಲಿ ಆಚೆಯ ಇನ್ನೊಂದರಿಂದ ಒಂದು ಹಿಡಿ, ಹೀಗೆ ಬೆರೆಸಿ ನೆಡಬೇಕು. ಯಾವ ಸಸಿ ಯಾವ ಮರದ್ದು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ರೂ ಸಾಕು.

ಅಜ್ಜಿ ನೀರುದೋಸೆ ಮಾಡಿ ಕೊಟ್ರು, ತಿಂದು ಹೊರಟೆವು. ಕಾರ್ಕಳದಲ್ಲಿ ಕತ್ತಲಾಯ್ತು, ಗೊಮ್ಮಟ ಬೆಟ್ಟ ಹತ್ತಲಿಲ್ಲ.

ರಾತ್ರಿ ಉಳಿದದ್ದು ಹೆಬ್ರಿ ಹತ್ತಿರ ನಮ್ಮ ಅತ್ತೆ ಮನೆಯಲ್ಲಿ, ಅಡಿಕೆ ತೋಟದವರು. ಊಟದ ನಂತರ ಮಾವ ಹಳದಿ ಎಲೆ ರೋಗದ ಮಾತು ತೆಗೆದ್ರು, ಸುಳ್ಯ ಸಂಪಾಜೆ ಕಡೆ ತೋಟ ತೋಟವೇ ಹೋದ ಸಂಗತಿ. ಅಲ್ಲಿ ರೋಗ ಬಂದ ತೋಟದ ನಡುವೆ ಹಸಿರಾಗಿ ಉಳಿದ ಒಂದೊಂದು ಮರವನ್ನ ಹುಡುಕಿ ತಳಿ ಮಾಡ್ಲಿಕ್ಕೆ ವಿಜ್ಞಾನಿಗಳು ನೋಡ್ತಾ ಇದ್ದಾರೆ ಅಂದ್ರೆ, ಮರ ಮರಕ್ಕೆ ವ್ಯತ್ಯಾಸ ಇದ್ದದ್ರಿಂದಲೇ ಅಲ್ವಾ ಅದು ಸಾಧ್ಯ ಆಗುದು. ವಿಟ್ಲದಲ್ಲಿ ಅಡಿಕೆಗೆ ಸಂಶೋಧನಾ ಕೇಂದ್ರ ಉಂಟು, ಮಂಗಳ, ಸುಮಂಗಳ ತಳಿಗಳು ಅಲ್ಲಿಂದ ಬಂದದ್ದು, ಹಿರೇಹಳ್ಳಿ ಗಿಡ್ಡ ತಳಿಗೆ ಸುಮಂಗಳವನ್ನೂ ಮೋಹಿತ್‌ನಗರವನ್ನೂ ಕೂಡಿಸಿ ಗಿಡ್ಡ ಹೈಬ್ರಿಡ್ ಮಾಡಿದ್ದೂ ಅಲ್ಲೇ. ತೆಂಗಿಗೆ ಸುಬ್ರಹ್ಮಣ್ಯ ಹತ್ತಿರ ಕಿದುವಿನಲ್ಲಿ ಅಂತರರಾಷ್ಟ್ರೀಯ ಮಟ್ಟದ ತಳಿ ಸಂಗ್ರಹವೇ ಉಂಟು. ಬೀಜದಡಿಕೆ ಆರಿಸುವಾಗ ಮಾವ ತಾಯಿಮರದ ವಯಸ್ಸು, ಗೊನೆ, ಗಂಟಿನ ಅಂತರ ಎಲ್ಲ ನೋಡ್ತಾರೆ. ಅದೇ ತೋಟದ ಬೇಲಿಯ ಆಚೆ ನಿಂತ ಬೈನೆಯ ಬಗ್ಗೆ ಕೇಳಿದ್ರೆ "ಅದು ಕಾಡು ಮರ, ಅದರ ಪಾಡಿಗೆ ಉಂಟು" ಅಂತಾರೆ. ಅದರ ಪಾಡಿಗೆ ಬಿಟ್ರೆ ಸಾಕಿತ್ತು, ಯಾರೂ ಬಿಡುದಿಲ್ಲ.

ಭಾನುವಾರ – ಸೀತಾನದಿ

ಬೆಳಕಾಗುವ ಹೊತ್ತಿಗೆ ಸೋಮೇಶ್ವರ ಅಭಯಾರಣ್ಯದ ಅಂಚಿಗೆ ಬಂದಿದ್ದೆವು (ಇದು ಘಟ್ಟದ ಬುಡದ ಸೋಮೇಶ್ವರ, ಬೀಚಿಂದಲ್ಲ). ಅನುಮತಿ ಇದ್ದ ದಾರಿಯಲ್ಲಿ ಅರಣ್ಯ ಇಲಾಖೆಯ ವಾಚರ್ ಅಣ್ಣನ ಜೊತೆ ನಡೆದದ್ದು.

ಬೈನೆಯನ್ನ ದೂರದಿಂದಲೇ ಗುರುತಿಸಬಹುದು, ಎಲೆಯ ಚೂರುಗಳು ಮೀನಿನ ಬಾಲದ ಹಾಗೆ, ಕುದುರೆ ಬಾಲದಷ್ಟು ದಟ್ಟವಾಗಿ ಇಳಿಬಿದ್ದ ಗೊಂಚಲು. ಹದಿನೈದು ಇಪ್ಪತ್ತು ವರ್ಷ ಹೂ ಇಲ್ಲದೆ ಬೆಳೆದು ಆಮೇಲೆ ತಲೆಯಿಂದ ಶುರು ಮಾಡಿ ಕೆಳಗೆ ಕೆಳಗೆ ಒಂದೊಂದೇ ಗೊಂಚಲು ಬಿಡ್ತಾ ಬರ್ತದೆ, ಕೆಲವು ವರ್ಷ ಹಾಗೇ ನಡೆದು ಕೊನೆಯ ಗೊಂಚಲು ಹಣ್ಣಾದ ಮೇಲೆ ಮರ ಸಾಯ್ತದೆ. ಶ್ರೀತಾಳೆ ಒಂದೇ ಸಲ ಸುರಿಯುದನ್ನ ಇದು ಕಂತಿನಲ್ಲಿ ಕೊಡ್ತದೆ. ನೆಲಕ್ಕೆ ಬಾಗಿದ್ದ ಒಂದು ಹೂಗೊಂಚಲನ್ನ ಭಾವ ಹಿಡ್ಕೊಂಡ್ರು, ನಾನು ಲೆನ್ಸ್ ಇಟ್ಟು ನೋಡಿದೆ. ಹೂಗಳು ಮೂರು ಮೂರರ ಗುಂಪು, ಆಚೀಚೆ ಎರಡು ಉದ್ದನೆಯ ಗಂಡು ಮೊಗ್ಗು, ನಡುವೆ ಗುಂಡು ಕಾಳಿನಷ್ಟು ಒಂದು ಹೆಣ್ಣು. ಗಂಡು ಮೊದಲು ಅರಳಿ ಉದುರಿ ಹೋಗ್ತದೆ, ಹೆಣ್ಣು ಆಮೇಲೆ ತಯಾರಾಗುದು. ಒಂದೇ ಗೊಂಚಲಿನ ಗಂಡಿಗೂ ಹೆಣ್ಣಿಗೂ ಮುಖ ನೋಡ್ಲಿಕ್ಕೇ ಸಿಗದ ಹಾಗೆ ವ್ಯವಸ್ಥೆ. ಹಾಗಾಗಿ ಹೆಣ್ಣು ಹೂ ಕಾಯಿ ಆಗಬೇಕಾದ್ರೆ ಹೆಚ್ಚಾಗಿ ಹತ್ತಿರದಲ್ಲೇ ಇನ್ನೊಂದು ಬೈನೆ ಆ ಹೊತ್ತಿಗೆ ಗಂಡು ಹೂ ಬಿಟ್ಟಿರಬೇಕು. ನಾವು ನಿಂತ ಮರದ ಅಡಿ ಗಂಡು ಹೂ ಚಾಪೆ ಹಾಸಿದ ಹಾಗೆ ಬಿದ್ದಿತ್ತು, ಅದರ ಮೇಲೆ ಜೇನುಗಳು.

"ಈ ದಾರಿಯಲ್ಲಿ ಮೊದ್ಲು ಬೈನೆ ತುಂಬ ಇತ್ತು ಸರ್" ಅಂದ್ರು ವಾಚರ್ ಅಣ್ಣ. ಸಾಕಿದ ಆನೆಗೆ ಬೈನೆ ಸೊಪ್ಪು ಬಹಳ ಇಷ್ಟ, ಊರ ಬದಿಯಲ್ಲಿ ಅದಕ್ಕೆ ಕಡೀತಾರೆ, ಶೇಂದಿಗೆ ಹೂ ಕೊಯ್ತಾರೆ, ತಿರುಳಿಗಾಗಿ ಮರ ಬೀಳಿಸುದೂ ಉಂಟು. ಎಲ್ಲವೂ ಹಣ್ಣಾಗುವ ಮೊದಲು. ಕಾಡಾನೆಯೂ ಬೈನೆ ಮುರಿದು ತಿನ್ನುತ್ತದೆ, ಆದ್ರೆ ಅದು ಒಂದು ಮುರಿದು ಮುಂದೆ ಹೋಗ್ತದೆ, ನಮ್ಮ ಹಾಗೆ ವರ್ಷವಿಡೀ ಅದೇ ಗುಡ್ಡೆಗೆ ಬರುದಿಲ್ಲ.

ತೋಡಿನ ಬದಿಯ ಒಂದು ಬಂಡೆಯ ಮೇಲೆ ಪುನುಗಿನ ಹಿಕ್ಕೆ ಸಿಕ್ಕಿತು, ನನಗೆ ಇಡೀ ಪ್ರವಾಸದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಅದೇ. ಒಣಗಿ ಬಿಡಿ ಬಿಡಿ ಆಗಿತ್ತು, ಒಳಗೆ ಬೈನೆಯ ಬೀಜಗಳು ಒಂದು ಚೂರೂ ಹಾಳಾಗದೆ ಹೊಳೀತಾ ಇದ್ದವು, ಕೆಲವು ಪೂರ್ತಿ ಗುಂಡು, ಕೆಲವಕ್ಕೆ ಒಂದು ಬದಿ ಚಪ್ಪಟೆ. ಚಪ್ಪಟೆ ಇದ್ದವು ಒಂದೇ ಹಣ್ಣಿನಲ್ಲಿ ಜೋಡಿಯಾಗಿ ಬೆಳೆದವು. ಬೈನೆ ಹಣ್ಣಿನ ತಿರುಳಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರ್ತದೆ, ಕೈಗೆ ತಾಗಿದ್ರೆ ತುರಿಕೆ ತಡೀಲಿಕ್ಕಾಗುದಿಲ್ಲ, ನಮ್ಮ ಮಕ್ಕಳಿಗೆ ಅದನ್ನ ಮುಟ್ಟಬೇಡ ಅಂತಲೇ ಹೇಳಿ ಬೆಳೆಸುದು. ಪುನುಗು ಆರಾಮಲ್ಲಿ ತಿಂದು ಬೀಜವನ್ನ ತಾಯಿ ಮರದಿಂದ ದೂರ ತಂದು ಬಂಡೆಗೆ ಇಟ್ಟು ಹೋಗಿದೆ, ಮಳೆ ಬಂದ್ರೆ ತೊಳೆದು ಬದಿಯ ಮಣ್ಣಿಗೆ ಸೇರ್ತದೆ. ಮಂಗಟ್ಟೆಯೂ ಇದರ ಹಣ್ಣು ತಿನ್ನುತ್ತದೆ, ಅದು ಹಾರುವಷ್ಟು ದೂರ ಪುನುಗು ನಡೆಯುದಿಲ್ಲ. ಪುನುಗು ಒಂದೇ ಮರದ ಒಡಹುಟ್ಟಿದವನ್ನ ಒಂದೇ ಕಡೆ ಗುಡ್ಡೆ ಹಾಕಬಹುದು, ಮಂಗಟ್ಟೆ ಈ ಕಣಿವೆಯದ್ದನ್ನ ಆ ಕಣಿವೆಗೆ ದಾಟಿಸ್ತದೆ. ಎರಡೂ ಬೇಕು. ಮಂಗಟ್ಟೆ ಇಲ್ಲದ ಕಾಡಿನಲ್ಲಿ ಬೈನೆ ಉಳಿದ್ರೂ ಕಣಿವೆ ಕಣಿವೆಗೆ ಬೇರೆ ಬೇರೆ ಗುಂಪಾಗಿ ಒಳಗೊಳಗೇ ನೆಂಟಸ್ತನ ಶುರುವಾಗ್ತದೆ.

ಇನ್ನೂ ಮೇಲೆ ನೆರಳು ದಟ್ಟವಾದ ಕಡೆ ಕಾಡಡಿಕೆ, ಪಿನಾಂಗಾ ಡಿಕ್ಸೋನಿ. ಪಶ್ಚಿಮ ಘಟ್ಟ ಬಿಟ್ರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೆರಳು ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಕಾಂಡ, ಬುಡದಿಂದ ಹೊಸ ಕಂದು ಹೊರಟು ಗುಂಪು ಗುಂಪಾಗಿ ನಿಂತಿರ್ತದೆ. ಕಣ್ಣಿಗೆ ಐವತ್ತು ಗಿಡ ಕಂಡ್ರೂ ನೆಲದೊಳಗೆ ಅದು ಒಂದೇ ಗಿಡ ಇರಬಹುದು, ವಂಶದ ಲೆಕ್ಕಕ್ಕೆ ಒಂದೇ. ಕಾಡಿನ ತಾಳೆಗಳನ್ನ ತಲೆ ಎಣಿಸಿ ಸಾಕಷ್ಟಿವೆ ಅನ್ನುವವರು ಇದನ್ನ ನೆನಪಿಟ್ಕೊಳ್ಳಬೇಕು.

ಬೆತ್ತದ ಮುಳ್ಳಿಗೆ ಭಾವನ ಅಂಗಿ ಸಿಕ್ಕಿ ಹರಿಯಿತು. ಬೆತ್ತದಲ್ಲೂ ಗಂಡು ಬೇರೆ ಹೆಣ್ಣು ಬೇರೆ, ಹಣ್ಣಿನ ಮೈಗೆ ಹಾವಿನ ಪೊರೆಯಂಥ ಹುರುಪೆ. ಕುರ್ಚಿಗೆ ಬುಟ್ಟಿಗೆ ಬೇಕಾದ ಉದ್ದ ಬಂದ ಕೂಡ್ಲೆ ಕಡಿಯುವುದರಿಂದ ಹೂ ಬಿಡುವ ವಯಸ್ಸಿಗೆ ಬರುವ ಬೆತ್ತವೇ ಕಡಿಮೆ. ವಿಜ್ಞಾನಿಗಳಾದ ಕೆ.ಎನ್. ಗಣೇಶಯ್ಯ, ಆರ್. ಉಮಾಶಂಕರ್ ಅವರ ತಂಡ ಪಶ್ಚಿಮ ಘಟ್ಟದ ಬಿದಿರು ಬೆತ್ತಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ವಂಶವೈವಿಧ್ಯ ಯಾವ ಯಾವ ಕಡೆ ಹೆಚ್ಚು ಉಳಿದಿದೆ ಅಂತ ಗುರುತಿಸಲಿಕ್ಕೆ ದುಡಿದದ್ದು ಇದೇ ಕಾರಣಕ್ಕೆ. ತಾರಿ, ಬೈನೆ, ಶ್ರೀತಾಳೆಗೂ ನಮ್ಮ ಜಿಲ್ಲೆಗಳಲ್ಲಿ ಅಂಥ ಕೆಲಸ ಆಗಬೇಕು, ಇಲ್ಲಿ ಇಷ್ಟು ಕಾಲೇಜು, ಇಷ್ಟು ಲ್ಯಾಬ್ ಇವೆ.

ಸೋಮವಾರ – ಮಣಿಪಾಲ

ವಾಪಸ್ ಬರುವ ದಾರಿಯಲ್ಲಿ ಮಣಿಪಾಲದ ಮುರಕಲ್ಲು ಗುಡ್ಡೆಯಲ್ಲಿ ಈಚಲು ನೋಡಿದೆವು, ಅರ್ಧ ಗುಡ್ಡೆಯನ್ನ ಜೆಸಿಬಿ ತಟ್ಟು ಮಾಡಿ ಆಗಿತ್ತು. ಉಳಿದ ಅರ್ಧದಲ್ಲಿ ಗಿಡ್ಡ ಈಚಲು, ಹೆಣ್ಣು ಗಿಡದಲ್ಲಿ ಹಣ್ಣು ಕಪ್ಪಾಗ್ತಾ ಇತ್ತು, ತಿಂದೆವು, ಸಿಹಿ ಇತ್ತು, ಬೀಜದ ಮೇಲೆ ತಿರುಳು ಕಾಗದದಷ್ಟೇ.

ಇಲ್ಲಿ ಭಾವನ ಮಾತು ಶುರುವಾಯ್ತು. ಈಚಲೂ ಖರ್ಜೂರವೂ ಒಂದೇ ಫೀನಿಕ್ಸ್ ಕುಲ, ಈ ಕುಲದ ಎಲ್ಲಾ ಜಾತಿಯಲ್ಲೂ ಗಂಡು ಹೆಣ್ಣು ಬೇರೆ ಬೇರೆ ಮರ. ಗಲ್ಫ್‌ನ ತೋಟಗಳಲ್ಲಿ ಐವತ್ತು ಹೆಣ್ಣಿಗೆ ಒಂದೋ ಎರಡೋ ಗಂಡು ಇಟ್ಟು, ಗಂಡು ಹೂವಿನ ಎಸಳು ಕೊಯ್ದು ಮರ ಹತ್ತಿ ಹೆಣ್ಣು ಗೊಂಚಲಿಗೆ ಕಟ್ಟುದನ್ನ ಅವರು ಎಷ್ಟೋ ಸಲ ಕಂಡಿದ್ದಾರೆ. ಬೀಜ ಹಾಕಿದ್ರೆ ಅರ್ಧ ಗಂಡು ಬರ್ತದೆ, ಹಣ್ಣಿನ ಗುಣವೂ ಹೇಳಿದ ಹಾಗೆ ಬರುದಿಲ್ಲ, ಅದಕ್ಕೆ ಬುಡದ ಕಂದು ಕಿತ್ತು ನೆಡುದು. ಹಾಗಾಗಿ ಒಂದು ಹೆಸರಿನ ಖರ್ಜೂರ ಅಂದ್ರೆ ಅಷ್ಟೂ ಮರ ಒಂದೇ ಮರದ ತುಂಡುಗಳು. ಇದರ ಅಪಾಯ ಮೊರಾಕೋದಲ್ಲಿ ಕಂಡಾಗಿದೆ, ಬಯೂದ್ ಅನ್ನುವ ಶಿಲೀಂಧ್ರ ರೋಗ ಬಂದು ಮೆಡ್ಜೂಲ್ ಅನ್ನುವ ಖರ್ಜೂರ ತಳಿಯ ತೋಟಗಳನ್ನ ನುಂಗಿತು. 1927ರಲ್ಲಿ ಅಲ್ಲಿಂದ ಅಮೆರಿಕಕ್ಕೆ ಒಯ್ದದ್ದು 11 ಕಂದು, ಇವತ್ತು ಅಲ್ಲಿಯ ಮೆಡ್ಜೂಲ್ ತೋಟಗಳ ಮೂಲ ಅವೇ.

2018ರಲ್ಲಿ ಈ ಕುಲದ ಬೇರೆ ಬೇರೆ ಜಾತಿಗಳ ಗಂಡು ಹೆಣ್ಣು ಮರದ ಡಿಎನ್‌ಎ ಓದಿ ನೋಡಿದಾಗ ಗಂಡಿನಲ್ಲಿ ಮಾತ್ರ ಇರುವ ಬೆರಳೆಣಿಕೆಯ ಜೀನ್‌ಗಳು ಸಿಕ್ಕಿದವು, ಕೆಲವು ಪರಾಗ ಆಗಲಿಕ್ಕೆ ಬೇಕಾದವು, ಒಂದು ಹೆಣ್ಣಂಗ ಬೆಳೆಯದ ಹಾಗೆ ತಡೆಯುವಂಥದ್ದು. ಮನುಷ್ಯರಲ್ಲಿ ಇದ್ದ ಹಾಗೆ ಎಕ್ಸ್ ವೈ ಕ್ರೋಮೋಸೋಮ್ ಲೆಕ್ಕವೇ. ಖರ್ಜೂರದ ಎಳೆ ಸಸಿಯ ಒಂದು ಚೂರು ಎಲೆಯಿಂದ ಗಂಡೋ ಹೆಣ್ಣೋ ಹೇಳಬಹುದು ಈಗ. ಕಾಡು ಈಚಲಿಗೆ ಇದು ಯಾಕೆ ಮುಖ್ಯ ಅಂದ್ರೆ, ಫೀನಿಕ್ಸ್ ಜಾತಿಗಳು ಒಂದಕ್ಕೊಂದು ಸುಲಭವಾಗಿ ಕೂಡ್ತವೆ, ಖರ್ಜೂರಕ್ಕೆ ಮುಂದೆ ರೋಗ ಬಂದಾಗ, ಉಪ್ಪುನೀರು ಬಂದಾಗ ತಡೆಯುವ ಗುಣ ಹುಡುಕಬೇಕಾದ ನೆಂಟರಲ್ಲಿ ಈಚಲೂ ಒಂದು. ಜೆಸಿಬಿ ಕೆರೆದ ಆ ಅರ್ಧ ಗುಡ್ಡೆಯಲ್ಲಿ ಎಂತೆಂಥದ್ದು ಇತ್ತೋ.

ಉಡುಪಿಯಲ್ಲಿ ಭಾವನ ಅಕ್ಕನ ಮನೆಯಲ್ಲಿ ಊಟ. ಅಕ್ಕ ಶಾಲೆಯಲ್ಲಿ ಟೀಚರ್, ಶ್ರೀತಾಳೆಯ ಫೋಟೋ ನೋಡಿ ಶಾಲೆಯ ಜಾಗದಲ್ಲಿ ನೆಡ್ಲಿಕ್ಕೆ ಬೀಜ ಬೇಕು ಅಂದ್ರು. ಕಾರ್ಕಳ ದಾರಿಯ ಅಜ್ಜಿಯ ಮರ ಮಳೆಗಾಲ ಕಳೆದು ಕಾಯಿ ಉದುರಿಸ್ತದೆ, ಅಲ್ಲಿಂದ ಹತ್ತು ಬೀಜ ತರುದು ಅಂತ ಆಯ್ತು, ಉಳಿದ ಹೊಂಡ ಹಾಗೇ ಬಿಟ್ಟು ಬೇರೆ ಮರಗಳಿಂದ ಸಿಕ್ಕಿದ ಹಾಗೆ ತುಂಬಿಸುದು. ಕುಂದಾಪುರ, ಬಾರ್ಕೂರು, ಬೆಳ್ತಂಗಡಿ, ಪುತ್ತೂರು ಕಡೆ ಯಾರದ್ದಾದ್ರೂ ಜಾಗದಲ್ಲಿ ಪಣೋಲಿ ಹೂ ಬಿಟ್ಟಿದ್ರೆ ದಯವಿಟ್ಟು ಕಡಿಯಬೇಡಿ, ಕಾಯಿ ಬಲಿಯುವವರೆಗೆ ಒಂದು ವರ್ಷ ಬಿಡಿ, ಬಲಿತ ಮೇಲೆ ಒಂದು ಹಿಡಿ ನಮಗೂ ಕೊಡಿ, ನಾವೇ ಬಂದು ತಗೊಂಡು ಹೋಗ್ತೇವೆ.